ಅಮ್ಮ ಕೇಳುತ್ತಿದ್ದುದು ಏನು

ಅಮ್ಮನಿಗೆ ಏನೋ ದೊಡ್ಡ ಕಾಯಿಲೆ ಇದೆ ಎಂದು ನಾನು ಹನ್ನೊಂದು ವರ್ಷದವಳಾಗುವವರೆಗೂ ನಂಬಿದ್ದೆ.

ಚಾಮರಾಜಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಪ್ರತಿ ಸಂಜೆ ಮೂವರೂ ಯೇಸುವಿನ ಪವಿತ್ರ ಹೃದಯದ ಪಟದ ಮುಂದೆ ಮೊಣಕಾಲೂರುತ್ತಿದ್ದೆವು. ಅಮ್ಮ ಜಪಸರ ಹಿಡಿದು ಮುಂದೆ, ಅಪ್ಪ ಅವಳ ಪಕ್ಕದಲ್ಲಿ, ನಾನು ಇಬ್ಬರ ಮುಖವೂ ಕಾಣುವ ಹಾಗೆ ಗೋಡೆಗೆ ಆತುಕೊಂಡು ಓರೆಯಾಗಿ. ನನಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ನನಗೆ ಅದೇ ಸರಿಯಾಗಿ ಗೊತ್ತಿರಲಿಲ್ಲ. ಜನ ತುಟಿ ಆಡಿಸುತ್ತಾರೆ, ಎದುರಿಗಿದ್ದವರು ಅದನ್ನು ನೋಡಿ ತಿಳಿದುಕೊಳ್ಳುತ್ತಾರೆ, ಬೇರೆಯವರಿಗೆ ನನಗಿಂತ ಬೇಗ ತಿಳಿಯುತ್ತದೆ, ಇಷ್ಟೇ ನನ್ನ ಲೆಕ್ಕ. ಜಪಸರ ಮುಗಿದ ಮೇಲೆ ಅಮ್ಮ ಕಣ್ಣು ಮುಚ್ಚಿ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ಆಗ ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಪ್ಪ ಚಾಪೆಯ ಅಂಚಿನ ಎಳೆ ಕೀಳುತ್ತ ಕೂತಿರುತ್ತಿದ್ದರು. ನಾನು ಹೆದರಿ ಅಮ್ಮನ ಸೆರಗು ಹಿಡಿದರೆ, ಅವಳು ನನ್ನ ಎರಡೂ ಕೈ ಜೋಡಿಸಿ ಪಟದ ಕಡೆ ತೋರಿಸುತ್ತಿದ್ದಳು. ಕೇಳಿಕೋ ಎಂದು.

ಏನನ್ನು ಕೇಳಿಕೊಳ್ಳಬೇಕೋ ಗೊತ್ತಿಲ್ಲದ ನಾನು ನನಗೆ ತಿಳಿದ ಹಾಗೆ ಕೇಳಿಕೊಳ್ಳುತ್ತಿದ್ದೆ. ಮಲಗುವಾಗ ಹೊದಿಕೆಯ ಒಳಗೆ ಕೈ ಆಡಿಸಿ ದೇವರಿಗೆ ಹೇಳುತ್ತಿದ್ದೆ: ಅಮ್ಮ ಅಳುತ್ತಾಳೆ, ಅಮ್ಮ ಕೇಳಿದ್ದನ್ನು ಕೊಡು. ನನ್ನ ಜೀವನದ ಮೊದಲ ಪ್ರಾರ್ಥನೆ ಅದು. ವರ್ಷಗಟ್ಟಲೆ ಅದೊಂದನ್ನೇ ಬೇಡಿದೆ.

ಇಲ್ಲಿ ಬರೆದಿರುವ ಮಾತುಗಳೆಲ್ಲ ನಾನು ಕಂಡ ಮಾತುಗಳು. ಅರ್ಧ ಕಂಡು ಅರ್ಧ ತಪ್ಪಿಹೋದದ್ದನ್ನು ಆಮೇಲೆ ಅಮ್ಮನ ಬಾಯಿಂದ ಹೇಳಿಸಿಕೊಂಡು ತುಂಬಿಸಿಕೊಂಡಿದ್ದೇನೆ. ತುಟಿ ನೋಡಿ ಕನ್ನಡ ಕಲಿಯುವುದು ಸುಲಭವಲ್ಲ. ಅಪ್ಪ ಅಂದರೂ ಅಮ್ಮ ಅಂದರೂ ತುಟಿ ಒಂದೇ ತರಹ ಮುಚ್ಚಿ ತೆರೆಯುತ್ತದೆ. ಕಿವುಡು ಮಕ್ಕಳ ಶಾಲೆಯಲ್ಲಿ ಟೀಚರ್ ತಮ್ಮ ಗಂಟಲ ಮೇಲೆ ನಮ್ಮ ಕೈ ಇಡಿಸಿಕೊಂಡು ‘ಬಿಡು’ ಎಂದು ಹೇಳಿಕೊಟ್ಟರೆ, ಮನೆಯಲ್ಲಿ ಅಮ್ಮ ತುಟಿ ದುಂಡಗೆ ಮಾಡಿ ‘ಬುಡು’ ಅನ್ನುತ್ತಿದ್ದಳು. ಅದು ಬೇರೆಯೇ ಪದವೆಂದು ಬಹಳ ದಿನ ತಿಳಿದಿದ್ದೆ. ಇನ್ನು ‘ಕೇಳು’ ಎಂಬ ಪದವನ್ನು ಟೀಚರ್ ಬೋರ್ಡಿನ ಮೇಲೆ ಬರೆದು ಒಂದು ಸಲ ಕಿವಿ ಮುಟ್ಟಿ ತೋರಿಸಿದರು, ಇನ್ನೊಂದು ಸಲ ಅಂಗೈ ಚಾಚಿ ತೋರಿಸಿದರು. ಒಂದೇ ಪದಕ್ಕೆ ಎರಡು ಅರ್ಥವಿರುವುದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಹನ್ನೊಂದು ತುಂಬಿದ ವರ್ಷ ಬೇಸಿಗೆ ರಜೆಯಲ್ಲಿ ಅಮ್ಮ ನನ್ನನ್ನು ಬಸ್ಸಿನಲ್ಲಿ ಊರಾಚೆಯ ಮೈದಾನವೊಂದಕ್ಕೆ ಕರೆದುಕೊಂಡು ಹೋದಳು. ಅಪ್ಪ ರೈಲ್ವೆಯಲ್ಲಿ ಫಿಟ್ಟರ್, ಡ್ಯೂಟಿ ಬಿಟ್ಟು ಬರಲಿಲ್ಲ. ಮೈದಾನದ ತುಂಬ ಶಾಮಿಯಾನ, ಮುಂದೆ ಹಲಗೆಯ ವೇದಿಕೆ. ರೋಗಿಗಳಿಗಾಗಿ ಪ್ರಾರ್ಥಿಸುವ ಕೂಟ ಎಂದು ಬ್ಯಾನರ್ ಓದಿ ತಿಳಿದೆ. ನನಗೆ ಖುಷಿಯಾಯಿತು. ಕೊನೆಗೂ ಅಮ್ಮನ ಕಾಯಿಲೆ ವಾಸಿಯಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಳಿ ಷರ್ಟಿನ ಬೋಧಕರೊಬ್ಬರು ಒಬ್ಬೊಬ್ಬರನ್ನೇ ಮೇಲಕ್ಕೆ ಕರೆಯತೊಡಗಿದರು. ನಮ್ಮ ಸರದಿ ಬಂತು. ಮೆಟ್ಟಿಲು ಹತ್ತಿದ ಮೇಲೆ ನಾನು ಅಮ್ಮನ ಕೈ ಬಿಟ್ಟು ಪಕ್ಕಕ್ಕೆ ಸರಿದು ನಿಂತೆ, ಅವರು ಅವಳ ತಲೆಯ ಮೇಲೆ ಕೈಯಿಡಲಿ ಎಂದು.

ಅಮ್ಮ ನನ್ನ ಎರಡೂ ಭುಜ ಹಿಡಿದು ಮುಂದಕ್ಕೆ ದೂಡಿದಳು.

ಆ ಕಾಲದಲ್ಲಿ ಕಿವಿಯ ಮಿಶಿನ್ ಎಂದರೆ ಎದೆಗೆ ಕಟ್ಟಿಕೊಳ್ಳುವ ಡಬ್ಬಿ, ಅದರಿಂದ ಎರಡು ವೈರು ಕಿವಿಗೆ. ಬೋಧಕರು ನನ್ನ ಕಿವಿಯಿಂದ ವೈರು ಕಿತ್ತರು. ಡಬ್ಬಿಯನ್ನು ಬಿಚ್ಚಿ ಅಮ್ಮನ ಕೈಗೆ ಕೊಟ್ಟರು. ತಮ್ಮ ಎರಡು ಬೆರಳು ನನ್ನ ಕಿವಿಗಳಲ್ಲಿ ಇಟ್ಟು ಆಕಾಶ ನೋಡಿದರು. ಅವರ ಬೆರಳು ಬೆವರಿನಿಂದ ಒದ್ದೆಯಾಗಿದ್ದವು. ನಾನು ಅಮ್ಮನ ಕಡೆ ನೋಡಿದೆ. ಸಂಜೆಯ ಹೊತ್ತು ಪಟದ ಮುಂದೆ ಇರುತ್ತಿದ್ದ ಅದೇ ಮುಖ, ಅದೇ ಕಣ್ಣೀರು. ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ಕಾಯಿಲೆಯವಳು ಅಮ್ಮ ಅಲ್ಲ. ನಾನು.

ನನಗೆ ಎಲ್ಲಿಯೂ ನೋವಿರಲಿಲ್ಲ. ಆಡುತ್ತಿದ್ದೆ, ಉಣ್ಣುತ್ತಿದ್ದೆ, ಕ್ಲಾಸಿನಲ್ಲಿ ಚಿತ್ರ ಬರೆಯುವುದರಲ್ಲಿ ನಾನೇ ಮೊದಲು. ಇಷ್ಟು ವರ್ಷ ಅಮ್ಮ ಅತ್ತದ್ದು ನನ್ನನ್ನು ನೋಡಿ. ಅಷ್ಟೇ ಅಲ್ಲ, ಅಮ್ಮ ಕೇಳಿದ್ದನ್ನು ಕೊಡು ಎಂದು ದಿನವೂ ದೇವರಿಗೆ ಹೇಳುತ್ತಿದ್ದವಳೂ ನಾನೇ. ನನ್ನನ್ನು ತೆಗೆದು ಇನ್ನೊಬ್ಬ ಹುಡುಗಿಯನ್ನು ಇವಳಿಗೆ ಕೊಡು ಎಂದು ನನ್ನ ಕೈಯಾರೆ ಬೇಡಿದ್ದೆ.

ಬೋಧಕರು ನನ್ನ ಹಿಂದೆ ಹೋದರು. ಕಾಲ ಕೆಳಗಿನ ಹಲಗೆ ಧಡಕ್ಕೆಂದು ನಡುಗಿತು, ನಾನು ತಿರುಗಿ ನೋಡಿದೆ. ಅವರು ಜೋರಾಗಿ ಚಪ್ಪಾಳೆ ತಟ್ಟುತ್ತ ಕಾಲನ್ನೂ ಹಲಗೆಗೆ ಅಪ್ಪಳಿಸಿದ್ದರು. ಅಷ್ಟೇ ಸಾಕಾಯಿತು. ಮೈದಾನದ ಅಷ್ಟೂ ಜನ ಕೈ ಮೇಲೆತ್ತಿದರು, ಎಲ್ಲರ ಬಾಯಿಯೂ ಒಟ್ಟಿಗೆ ತೆರೆಯಿತು. ಅಮ್ಮ ಹಲಗೆಯ ಮೇಲೆ ಕುಸಿದು ಕೂತು ನನ್ನ ಕಾಲು ತಬ್ಬಿಕೊಂಡಳು. ನಾನು ಏನನ್ನೂ ಕೇಳಿರಲಿಲ್ಲ. ಹಾಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಕೂತಿದ್ದೆ. ಅಮ್ಮ ಹಿಂದಿನಿಂದ ಬಗ್ಗಿ ನನ್ನ ಕಿವಿಯ ಹತ್ತಿರ ಬಾಯಿ ತಂದು ನನ್ನ ಹೆಸರು ಕರೆದಳಂತೆ. ಬಿಸಿ ಉಸಿರು ತಗುಲಿ ಕಚಗುಳಿಯಾಗಿ ನಕ್ಕುಬಿಟ್ಟೆ. ಆ ನಗುವನ್ನು ಅಮ್ಮ ಉತ್ತರ ಎಂದುಕೊಂಡಳು.

ಅಂದಿನಿಂದ ಮಿಶಿನ್ ಕರವಸ್ತ್ರದಲ್ಲಿ ಸುತ್ತಿಕೊಂಡು ಪಟದ ಹಿಂದೆ ಸೇರಿತು. ಅದನ್ನು ಮತ್ತೆ ಹಾಕುವುದೆಂದರೆ ನಂಬಿಕೆಯಿಲ್ಲ ಎಂದು ದೇವರಿಗೆ ಹೇಳಿದ ಹಾಗೆ ಎಂದು ಆ ಬೋಧಕರು ಎಚ್ಚರಿಸಿದ್ದರಂತೆ. ಅಡುಗೆಮನೆಯಲ್ಲಿ ಅಮ್ಮ ನನ್ನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸುತ್ತಿದ್ದಳು. ನೆಲ ಅದುರಿದರೆ ತಿರುಗುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ತಿರುಗಿದ ದಿನ ಅವಳ ಮುಖ ಹಬ್ಬವಾಗುತ್ತಿತ್ತು. ತಿರುಗದ ದಿನ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದಳು, ನಾನು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲವೇನೋ ಎಂಬ ಹಾಗೆ. ಶಾಲೆ ಶುರುವಾದ ಮೇಲೆ ಟೀಚರ್ ಮನೆಯವರೆಗೆ ಬಂದು ಅಪ್ಪನ ಹತ್ತಿರ ಸಿಟ್ಟಿನಲ್ಲಿ ಮಾತಾಡಿ ಹೋದರು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದ ಅಪ್ಪ ಎದ್ದು ಕೈ ತೊಳೆದು ಪಟದ ಹಿಂದೆ ಕೈ ಹಾಕಿದರು. ಅಮ್ಮನಿಗೆ ಎದುರಾಡದ ಮನುಷ್ಯ ಅವರು. ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಡಬ್ಬಿ ಕಟ್ಟತೊಡಗಿದರು.

“ಏನ್ರೀ ಮಾಡ್ತಿದೀರ? ಅದನ್ನ ಆಕ್ಬೇಡಿ. ಕೊಟ್ಟಿದ್ದನ್ನ ವಾಪಸ್ ತಕೊಂಬುಡ್ತಾನೆ” ಎಂದು ಅಮ್ಮ ಅವರ ಕೈ ಹಿಡಿದಳು.

ಅಪ್ಪ ಕೈ ಬಿಡಿಸಿಕೊಂಡರು. ನನಗೂ ಕಾಣಲಿ ಎಂದು ಮುಖವನ್ನು ನನ್ನ ಕಡೆಗೇ ಇಟ್ಟುಕೊಂಡು ಹೇಳಿದರು: “ಕೊಡೋನು ಕೊಡ್ಲಿ ಕಣೆ. ಕೊಟ್ಮೇಲೆ ನಾನೇ ಕಿತ್ತು ಬಿಸಾಕ್ತೀನಿ. ಅಲ್ಲೀಗಂಟ ಮಗು ಕ್ಲಾಸಲ್ಲಿ ಗೋಡೆ ನೋಡ್ಕೊಂಡು ಕೂತಿರ್ಬೇಕಾ?”

ಆಮೇಲೆ ಎಷ್ಟೋ ದಿನ ಅವರಿಬ್ಬರಿಗೂ ಮಾತಿರಲಿಲ್ಲ.

ಸಂಜೆಯ ಜಪಸರ ಮಾತ್ರ ನಿಲ್ಲಲಿಲ್ಲ. ಮೊಣಕಾಲೂರುತ್ತಿದ್ದೆ, ಆದರೆ ನನ್ನ ಪ್ರಾರ್ಥನೆ ಬದಲಾಯಿತು. ಅಮ್ಮನ ತುಟಿ ಅಲ್ಲಾಡತೊಡಗಿದ ಕೂಡಲೇ ನಾನು ಮಡಿಲಲ್ಲಿ ಬೆರಳು ಆಡಿಸಿ ಹೇಳುತ್ತಿದ್ದೆ: ಕೊಡಬೇಡ. ಅವಳು ಕೇಳಿದ್ದನ್ನು ಕೊಡಬೇಡ. ಒಂದು ಬೆಳಿಗ್ಗೆ ಎದ್ದಾಗ ಕಿವಿ ಬಂದುಬಿಟ್ಟರೆ ನಾನು ಯಾರಾಗುತ್ತೇನೋ ಎಂದು ನಿಜವಾಗಿ ಭಯವಿತ್ತು. ಒಂದೇ ಚಾಪೆಯಿಂದ ಎರಡು ಬೇಡಿಕೆ ಹೋಗುತ್ತಿದ್ದವು, ಒಂದಕ್ಕೊಂದು ವಿರುದ್ಧ. ಪ್ರತಿ ದಿನವೂ ನನ್ನದೇ ಗೆಲ್ಲುತ್ತಿತ್ತು. ಹಾಗಾಗಿ ದೇವರಿದ್ದಾನೆ ಎಂಬುದರಲ್ಲಿ ನನಗೆ ಅನುಮಾನ ಹುಟ್ಟಲಿಲ್ಲ. ಅವನು ನನ್ನ ಕಡೆಯವನು ಎಂದುಕೊಂಡಿದ್ದೆ.

ಚರ್ಚಿನಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಒಂದು ಭಾನುವಾರ ಕಷ್ಟವಾಗುತ್ತಿತ್ತು. ಯೇಸುಸ್ವಾಮಿ ಕಿವುಡನೊಬ್ಬನ ಕಿವಿಯಲ್ಲಿ ಬೆರಳಿಟ್ಟು ವಾಸಿ ಮಾಡುವ ಶುಭಸಂದೇಶ ಓದುವ ದಿನ. ಫಾದರ್ ಏನು ಓದುತ್ತಿದ್ದಾರೆ ಎಂದು ದೂರದಿಂದ ನನಗೆ ಕಾಣುತ್ತಿರಲಿಲ್ಲ. ಮುಂದಿನ ಬೆಂಚುಗಳ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡಿದಾಗ ಇವತ್ತು ಅದೇ ಎಂದು ತಿಳಿಯುತ್ತಿತ್ತು. ಅಮ್ಮ ತಲೆ ತಗ್ಗಿಸುತ್ತಿದ್ದಳು. ಅಪ್ಪ ಮಾತ್ರ ನನ್ನ ಮೊಣಕೈ ತಿವಿದು, ತಿರುಗಿದವರಲ್ಲಿ ಯಾರ ಮುಡಿಯಲ್ಲಿ ಎಷ್ಟು ಹೂವಿದೆ ಎಂದು ಸನ್ನೆ ಮಾಡಿ ನಗಿಸುತ್ತಿದ್ದರು.

ಕಾಲೇಜು ಸೇರಿದ ಮೇಲೆ ನನ್ನಂತಹ ಹುಡುಗ ಹುಡುಗಿಯರು ಸಿಕ್ಕರು. ಕೈಭಾಷೆ ಸರಿಯಾಗಿ ಕಲಿತದ್ದು ಅಲ್ಲಿ. ಅದರಲ್ಲಿ ಜಗಳವಾಡಬಹುದಿತ್ತು, ಚಾಡಿ ಹೇಳಬಹುದಿತ್ತು, ಸಿನಿಮಾದ ಕಥೆ ಪೂರ್ತಿ ಹೇಳಬಹುದಿತ್ತು. ಆಮೇಲೆ ಕುವೆಂಪುನಗರದಲ್ಲಿ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಸ್ಕೂಟರ್ ಕೊಂಡೆ. ಮದುವೆಯ ಮಾತುಗಳು ಬಂದು ಹೋದವು, ಒಂದೂ ಕೂಡಲಿಲ್ಲ. ಮನೆಯಲ್ಲಿ ಸಂಜೆಯ ಜಪಸರದ ಹೊತ್ತಿಗೆ ಇದ್ದರೆ ಹೋಗಿ ಕೂರುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿದ ತಕ್ಷಣ ಹಳೆಯ ಅಭ್ಯಾಸದಂತೆ ನನ್ನ ಬೆರಳು ತಾವಾಗಿಯೇ ಆಡುತ್ತಿದ್ದವು: ಕೊಡಬೇಡ.

ಆಮೇಲೆ ಕೊರೊನಾ ಬಂತು. ಊರಿನ ಎಲ್ಲರ ತುಟಿಗಳೂ ಬಟ್ಟೆಯ ಹಿಂದೆ ಹೋದವು. ಅಂಗಡಿಯವನು, ಡಾಕ್ಟರು, ಪೋಸ್ಟಿನವನು, ಯಾರು ಏನು ಹೇಳುತ್ತಿದ್ದಾರೆ ಎಂಬುದೇ ನನಗೆ ತಿಳಿಯದಾಯಿತು. ಅಂಥ ಹೊತ್ತಿನಲ್ಲಿ ಅಪ್ಪನಿಗೆ ಜ್ವರ ಬಂತು, ಉಸಿರು ಕಟ್ಟಿತು. ಆಸ್ಪತ್ರೆಯವರು ಅವರನ್ನು ಒಳಗೆ ಕರೆದುಕೊಂಡು ನಮ್ಮನ್ನು ಗೇಟಿನ ಹೊರಗೆ ನಿಲ್ಲಿಸಿದರು. ಗಾಲಿಯ ಮಂಚದ ಮೇಲಿಂದ ಅಪ್ಪ ಮಾಸ್ಕ್ ಕೆಳಗೆಳೆದು, ನನಗೆ ಕಾಣಲೆಂದೇ ನಿಧಾನವಾಗಿ, “ಮನೇಗೆ ಓಗಿ ಊಟ ಮಾಡಿ” ಎಂದರು. ನರ್ಸ್ ಮಾಸ್ಕನ್ನು ಮತ್ತೆ ಮೇಲಕ್ಕೆಳೆದರು.

ಚರ್ಚು ಮುಚ್ಚಿತ್ತು. ಮನೆಯಲ್ಲೇ ಪಟದ ಮುಂದೆ ಕೂತೆವು. ಅಂದು ಮೊದಲ ಸಲ ಅಮ್ಮನೂ ನಾನೂ ಒಂದೇ ವಿಷಯಕ್ಕೆ ಬೇಡಿದೆವು. ನಾನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಬೇಡಲಿಲ್ಲ, ಕೈಯೆತ್ತಿ ಪಟದ ಎದುರೇ ಹೇಳಿದೆ: ಅಪ್ಪನನ್ನು ಕೊಡು. ನನ್ನ ಹಟವನ್ನು ಇಷ್ಟು ವರ್ಷ ನಡೆಸಿಕೊಟ್ಟವನು ಇದನ್ನು ಇಲ್ಲ ಎನ್ನುತ್ತಾನೆಯೇ? ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಮ್ಮ ಅಳುತ್ತಿದ್ದಳು, ನಾನೇ ಅವಳಿಗೆ ಧೈರ್ಯ ಹೇಳಿ ಗಂಜಿ ಕುಡಿಸಿದೆ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂತು. ಗೇಟಿನ ಹತ್ತಿರ ಮೈಯೆಲ್ಲ ಪ್ಲಾಸ್ಟಿಕ್ ಉಡುಪು ಹಾಕಿದ ಒಬ್ಬರು ಬಂದು ಅಮ್ಮನ ಎದುರು ನಿಂತರು. ಅವರ ಕಣ್ಣು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಅವರ ಮಾಸ್ಕ್ ಒಳಗಡೆಯಿಂದ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಅಮ್ಮನೂ ಮಾಸ್ಕ್ ಹಾಕಿದ್ದಳು. ಅವಳ ಹುಬ್ಬುಗಳನ್ನೇ ನೋಡುತ್ತಿದ್ದೆ. ಹುಬ್ಬು ಮೇಲೇರಿ ಅಲ್ಲೇ ನಿಂತುಬಿಟ್ಟಿತು. ನಾನು ಅವಳ ತೋಳು ಹಿಡಿದು ಅಲ್ಲಾಡಿಸಿದೆ, ಏನು, ಏನು ಎಂದು ಕಿರುಚಿದೆನಂತೆ. ಅವಳು ನನ್ನ ಕಡೆ ತಿರುಗಲಿಲ್ಲ. ಅವಳ ಮಾಸ್ಕನ್ನು ನಾನೇ ಕೆಳಗೆ ಎಳೆದೆ. ಅಮ್ಮನ ಬಾಯಿ ತೆರೆದಿತ್ತು, ಅದರಲ್ಲಿ ಮಾತೇ ಇರಲಿಲ್ಲ.

ಅಪ್ಪನ ಮುಖ ತೋರಿಸಲಿಲ್ಲ. ಸಮಾಧಿಯ ಹತ್ತಿರ ನಾಲ್ಕು ಜನ, ದೂರದಲ್ಲಿ ಫಾದರ್.

ನನಗೆ ಅಳು ಬರಲಿಲ್ಲ. ಎಷ್ಟೋ ವಾರ ಕಾಲ ಕೆಳಗಿನ ನೆಲ ಇದೆಯೋ ಇಲ್ಲವೋ ಎಂದು ನೋಡಿಕೊಂಡು ಹೆಜ್ಜೆಯಿಡುತ್ತಿದ್ದೆ. ಅಪ್ಪ ಹೋದದ್ದು ಒಂದು ಆಘಾತ. ದೇವರು ಇಲ್ಲ ಅಂದದ್ದು ಇನ್ನೊಂದು. ಅವನು ನನಗೆ ಇಲ್ಲ ಅನ್ನುವವನಲ್ಲ ಎಂಬ ಒಂದೇ ನೆಚ್ಚಿನ ಮೇಲೆ ನಾನು ಬೆಳೆದಿದ್ದೆ. ಸಮಾಧಾನ ಹೇಳಲು ಬಂದವರು ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎಂದು ಫೋನಿನಲ್ಲಿ ಬರೆದು ತೋರಿಸಿದರು. ನಾನು ಎದ್ದು ಅಡುಗೆಮನೆಗೆ ಹೋದೆ.

ಅಮ್ಮ ಮಾತ್ರ ಸಂಜೆಯಾದರೆ ಪಟದ ಮುಂದೆ ಹೋಗಿ ಕೂರುತ್ತಿದ್ದಳು. ಕೈಯಲ್ಲಿ ಜಪಸರವೂ ಇರುತ್ತಿರಲಿಲ್ಲ, ತುಟಿಯೂ ಆಡುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದಳು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಎದುರಿಗೆ ಹೋಗಿ ನಿಂತು, ನನ್ನ ಒಡಕು ದನಿಯಲ್ಲೇ ಕೇಳಿದೆ: “ನನ್ನ ಕಿವಿ ಕೊಡು ಅಂತ ಜೀವನಪೂರ್ತಿ ಕೇಳ್ದೆ. ಕೊಡ್ಲಿಲ್ಲ. ಅಪ್ಪನ್ನ ಕೇಳ್ದೆ, ಕೊಡ್ಲಿಲ್ಲ. ಇನ್ನೂ ಯಾಕೆ ಕೇಳ್ತಾ ಕೂತಿದೀಯ?”

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. “ನಿನ್ ಕಿವಿ ಇಚಾರ ಕೇಳೋದು ಬುಟ್ಟು ಎಷ್ಟೋ ವರ್ಸ ಆಯ್ತು ಕಣೆ.”

ನಾನು ತಪ್ಪಾಗಿ ಓದಿದೆ ಅಂದುಕೊಂಡೆ. ಮತ್ತೆ ಹೇಳು ಎಂದೆ. ಮತ್ತೆ ಅದನ್ನೇ ಹೇಳಿದಳು. ನಾನು ಅವಳ ಎದುರು ನೆಲದ ಮೇಲೆ ಕೂತೆ.

“ಯಾವಾಗ?”

“ನೀನು ಕಾಲೇಜಿಗೆ ಓಗ್ತಿದ್ದಾಗ. ಕುವೆಂಪುನಗರಕ್ಕೆ ಯಾರನ್ನೋ ನೋಡಕ್ಕೆ ಬಂದಿದ್ದೆ. ಆಚೆ ಕಡೆ ಬಸ್ ಸ್ಟಾಪಲ್ಲಿ ನೀನೂ ನಿನ್ ಫ್ರೆಂಡ್ಸೂ ನಿಂತಿದ್ರಿ. ಎಲ್ಲಾರೂ ಕೈಯಲ್ಲಿ ಮಾತಾಡ್ತಿದ್ರಿ. ನೀನೇನೋ ಹೇಳ್ದೆ, ಎಲ್ಲಾ ಬಿದ್ದು ಬಿದ್ದು ನಕ್ರು. ನೀನೂ ನಗ್ತಾ ನಗ್ತಾ ಹೊಟ್ಟೆ ಹಿಡ್ಕೊಂಡು ಕೂತ್ಕೊಂಬುಟ್ಟೆ. ಮನೇಲಿ ನೀನು ಅಂಗೆ ಯಾವತ್ತೂ ನಕ್ಕಿರ್ಲಿಲ್ಲ. ನಾನು ರೋಡು ದಾಟಿ ಬರ್ಲೇ ಇಲ್ಲ. ಅಂಗೇ ವಾಪಸ್ ಬಂದ್ಬುಟ್ಟೆ. ಅವತ್ತು ಸಾಯಂಕಾಲ ಕೇಳಕ್ಕೆ ಕೂತ್ರೆ ಬಾಯಿಗೆ ಬರ್ಲಿಲ್ಲ. ಕಿವಿ ಬಂದ್ರೆ ಆ ನಗು ಓಗ್ಬುಟ್ರೆ ಅಂತ.”

“ನನಗ್ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಿನಗೋಸ್ಕರ ಬೇಡೋದು ನಿಲ್ಲಿಸ್ಬುಟ್ಟೆ ಅಂತ ಹೆತ್ತ ಮಗಳಿಗೆ ಹೇಳಕ್ಕಾಯ್ತದಾ?”

ವೇದಿಕೆಯ ಮೇಲೆ ಆಗಿದ್ದಕ್ಕಿಂತ, ಗೇಟಿನ ಹತ್ತಿರ ಆಗಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಅಲ್ಲಾಡಿಸಿತು. ಇಷ್ಟು ವರ್ಷ ನಾನು ‘ಕೊಡಬೇಡ’ ಎಂದು ಯಾರೂ ಕೇಳದೇ ಇದ್ದ ಕೇಳಿಕೆಯ ಮೇಲೆ ಯುದ್ಧ ಮಾಡುತ್ತಿದ್ದೆ. ಗೆದ್ದೆ ಗೆದ್ದೆ ಅಂದುಕೊಂಡಿದ್ದೆ. ನನ್ನ ಎದುರು ಯಾರೂ ಇರಲಿಲ್ಲ. ನನ್ನನ್ನು ಇದ್ದ ಹಾಗೆ ಇರಲು ಬಿಟ್ಟ ಒಬ್ಬಳು ಹೆಂಗಸು ಕಣ್ಣು ಮುಚ್ಚಿಕೊಂಡು ಅದೇ ಚಾಪೆಯ ಮೇಲೆ ಕೂತಿದ್ದಳು.

ಕೊನೆಗೆ ಕೇಳಿದೆ: “ಮತ್ತೆ ಆವಾಗಿಂದ ದಿನಾ ಏನು ಹೇಳ್ತಿದ್ದೆ?”

“ಏನೂ ಇಲ್ಲ. ಬೆಳಿಗ್ಗೆಯಿಂದ ಆಗಿದ್ದು, ಓಗಿದ್ದು. ನಿಮ್ಮಪ್ಪನ ಮಂಡಿ ನೋವು. ಅಕ್ಕಿ ಚೆನ್ನಾಗಿಲ್ಲ ಅಂತ. ಅವನ ಹತ್ರ ಇನ್ನೇನು ಹೇಳ್ತಾರೆ?”

“ಈಗ?”

ಅಮ್ಮ ಪಟದ ಕಡೆ ನೋಡಿದಳು. “ಈಗ ನಂಗೂ ಅವನ್ಗೂ ಮಾತಿಲ್ಲ.”

ದಿನವೂ ಚರ್ಚಿಗೆ ಹೋಗುತ್ತಿದ್ದ ಅಮ್ಮ ಇದನ್ನು ಹೇಳುತ್ತಿದ್ದಾಳೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. “ಮಾತಿಲ್ಲ ಅಂದ್ಮೇಲೆ ಇಲ್ಲಿ ಬಂದು ಯಾಕೆ ಕೂತ್ಕೋತೀಯ?”

“ಮಾತು ಬುಟ್ರು ಅಂತ ಯಾರಾದ್ರೂ ಮನೆ ಬುಡ್ತಾರಾ? ನಿನ್ ಮಿಶಿನ್ ಜಗಳ ಆದಾಗ ನಿಮ್ಮಪ್ಪನ ಜೊತೆ ನಾನು ಎಷ್ಟು ದಿವ್ಸ ಮಾತು ಬುಟ್ಟಿದ್ದೆ? ಅನ್ನ ಇಕ್ಲಿಲ್ವಾ?” ಅಮ್ಮ ಮೊಣಕಾಲು ಸವರಿಕೊಂಡು ಗೋಡೆಗೆ ಒರಗಿದಳು. “ಕೋಪ ಐತೆ ನಂಗೆ. ತುಂಬ ಐತೆ. ಅದು ಅವನ್ಗೂ ಗೊತ್ತು. ಕೂತಿರ್ತೀನಿ. ನೋಡ್ಲಿ.”

ಅಂದು ನಾನೂ ಅವಳ ಪಕ್ಕದಲ್ಲಿ ಕೂತೆ. ಏನನ್ನೂ ಬೇಡಲಿಲ್ಲ, ಏನನ್ನೂ ತಡೆಯಲಿಲ್ಲ. ಕೈ ಸುಮ್ಮನೆ ತೊಡೆಯ ಮೇಲೆ ಇದ್ದವು. ಹಾಗೆ ಕೂರಲು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ಬಂತು, ಅಪ್ಪ ಹೋದ ಮೇಲೆ ಮೊದಲ ಸಲ.

ನನ್ನ ನಂಬಿಕೆ ಉಳಿಯಿತೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಇಷ್ಟೆ. ಮೊದಲು ನನಗಿದ್ದದ್ದು ಉಳಿಯಲಿಲ್ಲ. ನಾನು ಹೇಳಿದಂತೆ ಕೇಳುವ ದೇವರು ಆಸ್ಪತ್ರೆಯ ಗೇಟಿನಲ್ಲೇ ಹೋದ. ಕೆಲಸ ಮುಗಿಸಿ ಬಂದ ಸಂಜೆ ಅಮ್ಮನ ಪಕ್ಕ ಕೂರುವುದು ಉಳಿಯಿತು. ಕೆಲವು ದಿನ ಅಲ್ಲಿ ಯಾರೋ ಇದ್ದಾರೆ ಎಂದು ಚೆನ್ನಾಗಿ ತಿಳಿಯುತ್ತದೆ. ಕೆಲವು ದಿನ ಪಟ, ಗೋಡೆ, ಸೊಳ್ಳೆ. ಎರಡೂ ದಿನ ಕೂರುತ್ತೇನೆ. ಅಪ್ಪನನ್ನು ಯಾಕೆ ಕೊಡಲಿಲ್ಲ ಎಂಬುದು ನನಗೆ ಗೊತ್ತಿಲ್ಲ, ಗೊತ್ತು ಅನ್ನುವವರ ಮಾತನ್ನು ನಾನು ನಂಬುವುದೂ ಇಲ್ಲ.

ಅಮ್ಮ ದೇವರ ಜೊತೆ ಮತ್ತೆ ಮಾತು ಶುರುಮಾಡಿದ್ದು ಯಾವಾಗ ಎಂದು ನನಗೆ ತಿಳಿಯದು. ಕಳೆದ ನವೆಂಬರಿನಲ್ಲಿ ಸತ್ತವರ ಹಬ್ಬದ ಸಂಜೆ ಸಮಾಧಿಗೆ ಹೋದಾಗ ಗಮನಿಸಿದೆ. ನಾನು ಸ್ಕೂಟರಿನಿಂದ ಸೇವಂತಿಗೆ ಹೂವಿನ ಚೀಲ ಇಳಿಸಿ ತರುವಷ್ಟರಲ್ಲಿ ಅಮ್ಮ ಕಲ್ಲು ತೊಳೆದು, ಮೇಣದ ಬತ್ತಿ ನಿಲ್ಲಿಸಿ, ತುಟಿ ಆಡಿಸುತ್ತಿದ್ದಳು. ಸುತ್ತಲೂ ಜನ, ಎಲ್ಲ ಸಮಾಧಿಗಳ ಮೇಲೂ ಬತ್ತಿ. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ನೀನು ಹೇಳು. ಬಾಯಲ್ಲಿ ಹೇಳು, ನಿಮ್ಮಪ್ಪನಿಗೆ ಕೇಳ್ಲಿ.”

ನಾನು ಬೇಡವೆಂದು ತಲೆಯಾಡಿಸಿದೆ. ಹೊರಗಿನವರ ಮುಂದೆ ನಾನು ದನಿ ತೆಗೆಯುವುದಿಲ್ಲ, ಜನ ಬೆಚ್ಚಿ ನೋಡುತ್ತಾರೆ. ಅಮ್ಮ ಬಿಡಲಿಲ್ಲ, ನನ್ನ ಬೆನ್ನಿಗೆ ಕೈಯಿಟ್ಟಳು. ನಾನು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುಮಾಡಿದೆ. ನನ್ನ ದನಿ ಎಷ್ಟು ದೊಡ್ಡದಿತ್ತೋ, ಪದಗಳು ಹೇಗೆ ಬಂದವೋ ತಿಳಿಯದು. ಎದುರು ಸಾಲಿನಲ್ಲಿದ್ದ ಹೆಂಗಸೊಬ್ಬಳು ಥಟ್ಟನೆ ತಿರುಗಿದಳು, ಅವಳ ಮಕ್ಕಳೂ ತಿರುಗಿದರು. ನಾನು ನಿಲ್ಲಿಸಿ ಅಮ್ಮನ ಮುಖ ನೋಡಿದೆ.

“ನಿಲ್ಲಿಸ್ಬೇಡ. ಅರ್ಧ ಆಗೈತೆ ಅಷ್ಟೆ” ಎಂದಳು.

ಪೂರ್ತಿ ಹೇಳಿದೆ. ಗಾಳಿಗೆ ಎರಡು ಬತ್ತಿ ಆರಿದ್ದವು. ಆ ಹೆಂಗಸು ತನ್ನ ಬತ್ತಿಯನ್ನು ಅಂಗೈಯಿಂದ ಮರೆಮಾಡಿಕೊಂಡು ಬಂದು ಅವುಗಳನ್ನು ಮತ್ತೆ ಹಚ್ಚಿಕೊಟ್ಟು, ಅಮ್ಮನ ಹತ್ತಿರ ಏನೋ ಹೇಳಿ ಹೋದಳು. ಬೆಳಕು ಮುಖದಿಂದ ಸರಿದಿದ್ದರಿಂದ ಅದು ನನಗೆ ಕಾಣಲಿಲ್ಲ. ಅಮ್ಮ ಹೂವು ಬಿಡಿಸಿ ಕಲ್ಲಿನ ಮೇಲೆ ಹರಡುತ್ತಿದ್ದಳು. ನಾನೂ ಬಗ್ಗಿ ಅರ್ಧ ಹೂವು ತೆಗೆದುಕೊಂಡೆ.